ದೊಡ್ಡಪ್ಪ ಹೊತ್ತ ಮಣ್ಣು

ನಮ್ಮ ಮನೆಯ ನಡುಮನೆಯನ್ನು ಎರಡು ಮಾಡಿದ ಗೋಡೆ ಸೂರು ಮುಟ್ಟಿರಲಿಲ್ಲ. ಅಪ್ಪನೂ ದೊಡ್ಡಪ್ಪನೂ ಭಾಗವಾದಾಗ ಸಿಮೆಂಟ್ ಇಟ್ಟಿಗೆಯಲ್ಲಿ ಅದನ್ನು ಕಟ್ಟಿಸಿದ್ದರು. ಹೆಂಚು ಹೊತ್ತ ತೊಲೆ ಆ ತುದಿಯಿಂದ ಈ ತುದಿಗೆ ಒಂದೇ ಆಗಿದ್ದರಿಂದ ಗೋಡೆ ಅದರ ಕೆಳಗೇ ನಿಂತುಬಿಟ್ಟಿತ್ತು. ಮೇಲೆ ಉಳಿದ ಸಂದಿಯಿಂದ ಅವರ ಒಲೆಯ ಹೊಗೆ ನಮ್ಮ ಕಡೆ ಬರುತ್ತಿತ್ತು, ನಮ್ಮ ಹುರುಳಿ ಸಾರಿನ ಒಗ್ಗರಣೆ ವಾಸನೆ ಅವರ ಕಡೆ ಹೋಗುತ್ತಿತ್ತು. ಬೈಗುಳ ಎರಡೂ ಕಡೆಗೆ ಓಡಾಡುತ್ತಿತ್ತು. ನಾನು ಮಾತು ಕಲಿತದ್ದೇ ಆ ಸಂದಿಯ ಕೆಳಗೆ. ಮಗ್ಗಿ ಬರುವ ಮುಂಚೆ ನನಗೆ ಶಾಪ ಬರುತ್ತಿತ್ತು. ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಮೊದಮೊದಲು ಅವ್ವನನ್ನು ನೇರವಾಗಿ ಬೈಯುತ್ತಿರಲಿಲ್ಲ. ನಮ್ಮ ಕೋಳಿ ಅವರ ಜಗಲಿ ಹತ್ತಿದರೆ ಸಾಕು, ಕೋಳಿಗೆ ಹೇಳುವ ನೆಪದಲ್ಲಿ ಇಡೀ ಬೀದಿಗೆ ಕೇಳುವಂತೆ ಶುರುಮಾಡುತ್ತಿದ್ದಳು.

"ಉಳ ತಿನ್ನೋ ಮುಂಡೆ, ನಿನ್ ವಂಸ ಎಕ್ಕುಟ್ಟೋಗ! ಕಾಡಿಂದ ಬಂದು ನಮ್ ಮನ ಕೆದ್ಕೀಯಾ?"

ಅದು ಕೋಳಿಗಲ್ಲ ಎಂದು ಕೋಳಿಗೂ ಗೊತ್ತಿತ್ತು. ಅವ್ವ ಹಂಗಳದಿಂದಾಚೆ, ಕಾಡಂಚಿನ ಊರಿನವಳು. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆ ಹುಳ ಏಳುತ್ತವಲ್ಲ, ಆ ಈಸಲು ಹುಳಗಳನ್ನು ಬಟ್ಟೆಯಲ್ಲಿ ಹಿಡಿದು, ರೆಕ್ಕೆ ಕೇರಿ, ಉಪ್ಪು ಖಾರ ಹಾಕಿ ಹುರಿದು ನನಗೆ ಕೊಡುತ್ತಿದ್ದಳು. ಹುರಿಗಡಲೆಗಿಂತ ರುಚಿ. ಬೇಗೂರಿನ ಆಸುಪಾಸಿನ ನಮ್ಮ ಊರಲ್ಲೂ ಒಂದು ಕಾಲಕ್ಕೆ ಎಲ್ಲರೂ ತಿನ್ನುತ್ತಿದ್ದರಂತೆ. ಈಗ ಕೈಗೆ ನಾಲ್ಕು ಕಾಸು ಬಂದವರಿಗೆ ಅದು ಅವಮಾನವಾಗಿತ್ತು. ಅವ್ವ ಹುರಿಯುವಾಗ ಬೇಕೆಂದೇ ಸಂದಿಯ ನೇರಕ್ಕೆ ಒಲೆ ಉರಿ ಜೋರು ಮಾಡುತ್ತಿದ್ದಳು. ಗೋಡೆಯಾಚೆಯಿಂದ ಥೂ ಎನ್ನುವ ಸದ್ದು ಬಂದರೆ ಅವಳ ತುಟಿ ಒಂದು ಕಡೆಗೆ ಎಳೆದುಕೊಳ್ಳುತ್ತಿತ್ತು. ಆ ದಿನಗಳಲ್ಲಿ ಅವಳು ನಕ್ಕಿದ್ದು ಅಷ್ಟೇ.

ಈ ಹಗೆ ಶುರುವಾದದ್ದು ಭಾಗದ ದಿನ. ನಾನಾಗ ಅವ್ವನ ಸೊಂಟದ ಮೇಲಿದ್ದ ಕೂಸು. ಆದರೂ ಆ ದಿನವನ್ನು ಅವ್ವನ ಬಾಯಲ್ಲಿ, ಅಪ್ಪನ ಬಾಯಲ್ಲಿ, ಗೋಡೆಯಾಚೆಯ ಬೈಗುಳದಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ನಾನೇ ಕಣ್ಣಾರೆ ಕಂಡ ಹಾಗಿದೆ. ನಮ್ಮಲ್ಲಿ ಭಾಗದ ರೂಢಿ ಹೀಗೆ: ಅಣ್ಣ ಪಾಲು ಮಾಡಬೇಕು, ತಮ್ಮ ಆರಿಸಿಕೊಳ್ಳಬೇಕು. ಮಾಡಿದವನಿಗೆ ಆರಿಸುವ ಹಕ್ಕಿಲ್ಲವಾದ್ದರಿಂದ ಮೋಸ ಆಗುವುದಿಲ್ಲ ಎನ್ನುವುದು ಹಿರಿಯರ ಲೆಕ್ಕ. ತಾತ ಬಿಟ್ಟುಹೋದ ಹೊಲವನ್ನು ದೊಡ್ಡಪ್ಪ ಅಡ್ಡಡ್ಡ ಸೀಳಿದರು. ರಸ್ತೆ ಕಡೆಯದು ಒಂದು ಪಾಲು, ಹಳ್ಳದ ಕಡೆಯದು ಇನ್ನೊಂದು. ರಸ್ತೆ ಕಡೆಯದು ಅಂಗೈಯಂತೆ ಸಮ. ತಾತ ಹಾಸಿಗೆ ಹಿಡಿದ ಮೇಲೆ ದೊಡ್ಡಪ್ಪನೇ ಅಲ್ಲಿ ಈರುಳ್ಳಿ, ಚೆಂಡು ಹೂ ಬೆಳೆದು ಲಾರಿಗೆ ತುಂಬಿಸಿದ್ದರು. ಹಳ್ಳದ ಕಡೆಯದು ಇಳಿಜಾರು, ಕಲ್ಲು. ಹುರುಳಿ ಚೆಲ್ಲಿ ಮರೆತುಬಿಡುವಂಥ ಜಾಗ. ತಮ್ಮ ಕಣ್ಣುಮುಚ್ಚಿ ರಸ್ತೆ ಕಡೆಯದನ್ನು ಕೇಳುತ್ತಾನೆ, ಆಗ ತನಗೆ ಉಳಿಯುವ ಹಳ್ಳದ ಪಾಲಿಗೆ ಇನ್ನಷ್ಟು ಸೇರಿಸಿಕೊಂಡು ರಸ್ತೆಯದನ್ನು ಬಿಟ್ಟುಕೊಡೋಣ ಎಂದು ದೊಡ್ಡಪ್ಪ ಚೌಕಾಸಿಗೆ ತಯಾರಾಗಿದ್ದರು.

ಆರಿಸುವ ಮುನ್ನಾದಿನ ಅವ್ವ ಮಂಕರಿಯಲ್ಲಿ ಹಸಿ ಸಗಣಿ ಹೊತ್ತುಕೊಂಡು ಹೋಗಿ ಎರಡೂ ಪಾಲಿನಲ್ಲಿ ಅಲ್ಲಲ್ಲಿ ಇಟ್ಟು ಬಂದಳು. ಮರುದಿನ ಬೆಳಿಗ್ಗೆ ನನ್ನನ್ನು ಸೊಂಟಕ್ಕೇರಿಸಿಕೊಂಡು ನೋಡಲು ಹೋದಳು. ರಸ್ತೆ ಕಡೆಯ ಸಗಣಿ ಮೇಲೆ ಒಣಗಿ ಹೆಪ್ಪುಗಟ್ಟಿ ರೊಟ್ಟಿಯ ಹಾಗೆ ಕೂತಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ನೆಲ ಹಾಗೆಯೇ ಇತ್ತು, ಒಂದು ತೂತಿಲ್ಲ. ಹಳ್ಳದ ಕಡೆಯದು ಅರ್ಧ ಮಾಯವಾಗಿತ್ತು. ಉಳಿದದ್ದು ಪುಡಿಪುಡಿ. ಅಡಿಯ ಮಣ್ಣೆಲ್ಲ ಬೆರಳು ತೂರುವಂಥ ತೂತು, ಕಪ್ಪು ಸಗಣಿ ಹುಳಗಳು ಉಂಡೆ ಕಟ್ಟಿ ಹಿಂಗಾಲಲ್ಲಿ ಉರುಳಿಸುತ್ತಿದ್ದವು. ಕಲ್ಲು ಮಗುಚಿದರೆ ಇರುವೆ, ಜೀರುಂಡೆ. ಅವ್ವ ಮನೆಗೆ ಬಂದು ಅಪ್ಪನಿಗೆ ಹೇಳಿದಳು.

"ಹಳ್ಳದ್ದು ಆರ್ಸ್ಕಳಿ. ರಸ್ತ ಕಡೀದು ಸತ್ತೋಗದ. ಔಸ್ದ ಉಯ್ದು ಉಯ್ದು ಕೊಂದವ್ರ. ಅಲ್ಲಿ ಉಳಾನೇ ಇರಕಾಗ್ದು, ಬೆಳ ಎಂಗ ಇದ್ದದು?"

"ಉಳ ನೋಡಿ ವಲ ಆರ್ಸ್ದ ಅಂದ್ರ ಜನ ನಗಲ್ವಾ ಕಣಮ್ಮಿ?"

"ನಗ್ಲಿ ಬುಡಿ. ನಗೋರು ಬಂದು ನಮ್ಗ ಇಟ್ಟಿಕ್ತಾರಾ?"

ಅಪ್ಪ ಹಳ್ಳದ ಪಾಲು ಕೇಳಿದಾಗ ಪಂಚಾಯ್ತಿಗೆ ಸೇರಿದವರು ನಿಜವಾಗಿಯೂ ನಕ್ಕರಂತೆ. ದೊಡ್ಡಪ್ಪ ಚೌಕಾಸಿಯನ್ನೇ ಮರೆತು ತಕ್ಷಣ ಒಪ್ಪಿಕೊಂಡರು. ಅಂದಿನಿಂದ ಅಪ್ಪನಿಗೆ ಊರಲ್ಲಿ ಹುಳದಪ್ಪ ಎಂದು ಹೆಸರಾಯಿತು. ಟೀ ಅಂಗಡಿಯ ಬೆಂಚಿನ ಮೇಲೆ ಅಪ್ಪ ಕೂತರೆ ಯಾರಾದರೂ ಒಬ್ಬ ಎದ್ದು, ಇರುವೆ ತುಳಿದೀಯ ನೋಡ್ಕಂಡು ಕೂತ್ಕಳಲಾ ಎನ್ನುತ್ತಿದ್ದ. ಅಪ್ಪ ನಗುತ್ತಿದ್ದರು. ಮನೆಗೆ ಬಂದು ತಟ್ಟೆ ಎಸೆಯುತ್ತಿದ್ದರು. ಮುದ್ದೆ ಗಟ್ಟಿಯಾಯಿತು, ಸಾರಿಗೆ ಉಪ್ಪಿಲ್ಲ, ನೀರು ಬೆಚ್ಚಗಿದೆ, ಏನಾದರೂ ಒಂದು. ಹೊಲ ಕೈ ಹಿಡಿದಿತ್ತು. ಜೋಳ, ನೆಲಗಡಲೆ, ಅವರೆ ಯಾವುದೂ ನಮಗೆ ಕಡಿಮೆಯಾಗಲಿಲ್ಲ. ಆದರೆ ಹೊಲ ಚೆನ್ನಾದಷ್ಟೂ ಅಪ್ಪನಿಗೆ ಸಿಟ್ಟು ಹೆಚ್ಚುತ್ತಿತ್ತು, ಯಾಕೆಂದರೆ ಪ್ರತಿ ಸುಗ್ಗಿಯೂ ಅವ್ವನ ಮಾತನ್ನೇ ನಿಜ ಮಾಡುತ್ತಿತ್ತು. ಇದು ನನಗೆ ಆಗ ಗೊತ್ತಾಗುತ್ತಿರಲಿಲ್ಲ. ಹೆಂಚಿನಿಂದ ಮಳೆ ಸೋರುವ ಹಾಗೆ ಅಪ್ಪನಿಂದ ಸಿಟ್ಟು ಸೋರುತ್ತದೆ, ಅದು ಅವರ ಗುಣ ಎಂದುಕೊಂಡಿದ್ದೆ.

ಗೋಡೆಯಾಚೆ ಬೇರೆ ಕಥೆ. ದೊಡ್ಡಪ್ಪನ ಈರುಳ್ಳಿ ಕೊಳೆಯತೊಡಗಿತು. ಚೆಂಡು ಹೂವಿನ ಗಿಡ ಮೊಗ್ಗು ಬಿಡುವ ಹೊತ್ತಿಗೆ ಬಾಡಿ ಬೀಳತೊಡಗಿತು. ಒಂದು ವರ್ಷ ಗೆದ್ದಲು ಎದ್ದು ಹಸಿ ಗಿಡದ ಬುಡವನ್ನೇ ತಿಂದು ಹಾಕಿತು. ದೊಡ್ಡಪ್ಪ ಗುಳಿಗೆ ಔಷಧಿ ತಂದು ಸಾಲು ಸಾಲಿಗೂ ಸುರಿಸಿದರು. ಬೀಸುವ ಗಾಳಿಗೆ ನಮ್ಮ ಅಡುಗೆಮನೆಯಲ್ಲೂ ಆ ವಾಸನೆ. ಅವ್ವ ಅಂದು ಗೋಡೆಯ ಕಡೆ ತಿರುಗಿ, ನನಗೆ ಪಾಠ ಹೇಳುವವಳ ಹಾಗೆ ಗಟ್ಟಿಯಾಗಿ ಹೇಳಿದಳು.

"ಗೆದ್ಲು ಒಣಗಿದ್ದ ತಿನ್ನೋ ಉಳ ಕಣಮ್ಮಿ. ಮಣ್ಣಲ್ಲಿ ಕಸ ಕಡ್ಡಿ ಒಂದೂ ಬುಡ್ದೆ ಗುಡ್ಸಿ ಸುಟ್ರ ಅದೇನ್ ತಿಂದದು? ಹಸೀದ ತಿಂದದು. ಅದ್ರ ತಪ್ಪಲ್ಲ."

ಆಚೆ ಪಾತ್ರೆ ನೆಲಕ್ಕೆ ಬಿತ್ತು. ದೊಡ್ಡವ್ವ ಮೊದಲ ಬಾರಿಗೆ ಕೋಳಿಯನ್ನು ಬಿಟ್ಟು ನೇರವಾಗಿ ಕೂಗಿದಳು.

"ನೀನೇ ಬುಟ್ಟಿರೋದು ಕಣೇ ಗೆದ್ಲ! ಭಾಗ ಆಗೋವಾಗ ಮಂಕ್ರೀಲಿ ಏನೋ ಒತ್ಕಬಂದು ನಮ್ ವಲ್ದಲ್ಲಿ ಇಟ್ಟೋಗಿದ್ದ ಊರೇ ನೋಡದ. ಮಾಟಗಾತಿ!"

ಈ ಮಾತು ಊರಲ್ಲಿ ಹಬ್ಬಿತು. ಸಗಣಿ ಇಟ್ಟದ್ದು ಮಾಟವಾಯಿತು. ನೀರಿಗೆ ಹೋದರೆ ಹೆಂಗಸರು ಕೊಡ ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯನ್ನು ಅವಳ ತಾಯಿ ಬಂದು ಎಬ್ಬಿಸಿ ಹಿಂದಿನ ಸಾಲಿಗೆ ಕೂರಿಸಿದಳು. ಅದೇ ಬೇಸಿಗೆಯಲ್ಲಿ ದೊಡ್ಡಪ್ಪ ಟ್ರ್ಯಾಕ್ಟರ್ ತರಿಸಿ, ಎರಡು ಪಾಲಿನ ನಡುವಿನ ಬದುವನ್ನು ಕಿತ್ತು, ಗಡಿ ಕಲ್ಲನ್ನು ಎತ್ತಿ ಎಸೆದು, ನಮ್ಮ ಹೊಲದೊಳಕ್ಕೆ ಒಂದು ಎತ್ತಿನ ಗಾಡಿ ಸುಲಭವಾಗಿ ತಿರುಗುವಷ್ಟು ಅಗಲ ಉತ್ತುಕೊಂಡರು. ಹೊಸ ಬದು ಹಾಕಿಸಿ, ತಾತನ ಕಾಲದಿಂದ ಬದು ಇರುವುದೇ ಇಲ್ಲಿ ಎಂದರು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇತ್ತು, ಭಾಗವಾದದ್ದು ಬಾಯಿಮಾತಿನಲ್ಲಿ. ಅಳತೆಗೆ ಕೊಟ್ಟರೂ ಬಂದವನು ಯಾವುದನ್ನು ಹಿಡಿದು ಅಳೆಯಬೇಕು? ಊರ ಯಜಮಾನರು ನ್ಯಾಯ ಸೇರಿಸಿದರು. ತೀರ್ಮಾನ ಹಳೆಯ ರೂಢಿಯದ್ದೇ ಆಯಿತು: ಗಡಿ ಇಲ್ಲೇ ಎನ್ನುವವನು ಒಪ್ಪೊತ್ತಿದ್ದು, ಮಿಂದು, ಒದ್ದೆ ಪಂಚೆಯಲ್ಲಿ, ತಕರಾರಿನ ಜಾಗದ ಮಣ್ಣನ್ನೇ ತಲೆಯ ಮೇಲೆ ಹೊತ್ತು, ಮಾದಪ್ಪನ ಹೆಸರು ಹೇಳಿ, ಇದು ನನ್ನ ಮಣ್ಣು ಎಂದು ನಡೆಯಬೇಕು. ಅವನು ನಡೆದದ್ದೇ ಗಡಿ. ಸುಳ್ಳಾದರೆ ಮಾದಪ್ಪ ಅವನ ಮನೆ ನೋಡಿಕೊಳ್ಳುತ್ತಾನೆ. ಆಮೇಲೆ ಅದರ ಮೇಲೆ ಯಾರೂ ಮಾತೆತ್ತುವಂತಿಲ್ಲ.

ಆ ಬೆಳಿಗ್ಗೆ ಊರಿಗೆ ಊರೇ ಹೊಲದಲ್ಲಿತ್ತು. ಗಂಡಸರು ಬದುವಿನ ಹತ್ತಿರ, ಹೆಂಗಸರು ದೂರದ ಹೊಂಗೆ ಮರದ ಕೆಳಗೆ. ನಾನು ಅವ್ವನ ಪಕ್ಕ ನಿಂತಿದ್ದೆ. ದೊಡ್ಡಪ್ಪ ಮಂಕರಿ ತುಂಬಿಸಿಕೊಂಡೇ ಬಂದರು. ಮುಂಜಾನೆಯೇ ಬಂದು ತಕರಾರಿನ ಜಾಗದಿಂದ ಅಗೆದುಕೊಂಡೆ ಎಂದರು. ನಿಜವೇ ಎಂದು ಯಾರೂ ಕೇಳಲಿಲ್ಲ. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಂಕರಿ ತಲೆಗೇರಿಸಿಕೊಂಡು, ಇದು ನನ್ನ ಮಣ್ಣು, ನನ್ನ ಮಣ್ಣಲ್ಲದಿದ್ರ ಮಾದಪ್ಪ ನನ್ನ ನೋಡ್ಲಿ ಎಂದು ಕೂಗಿ, ಹೊಸ ಬದುವಿನ ಉದ್ದಕ್ಕೂ ನೆಟ್ಟಗೆ ನಡೆದರು. ಒಂದು ಕಡೆಯೂ ಅವರ ಕಾಲು ತಡವರಿಸಲಿಲ್ಲ. ಸುಳ್ಳು ಆಣೆಗೆ ಮನುಷ್ಯ ಹೀಗೆ ನಡೆಯಲಾರ ಎಂದು ನನಗೇ ಅನ್ನಿಸಿತು. ಕೊನೆಯಲ್ಲಿ ಮಂಕರಿ ಇಳಿಸಿದರು. ಅಷ್ಟು ಹೊತ್ತೂ ಆ ಮಂಕರಿಯಿಂದ ಕಣ್ಣು ತೆಗೆಯದಿದ್ದ ಅವ್ವ ನನ್ನ ಕೈ ಬಿಟ್ಟು, ಗಂಡಸರ ನಡುವೆ ನುಗ್ಗಿ, ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಕೈ ಹಾಕಿದಳು.

"ಏಯ್! ಓಗು ಅತ್ಲಾಗ! ನಿಂಗೇನ್ ಕೆಲ್ಸ ಇಲ್ಲಿ?" ಯಜಮಾನರು ಕೂಗಿದರು.

"ಇದು ಇಲ್ಲಿ ಮಣ್ಣಲ್ಲ ಯಜಮಾನ್ರೆ," ಅವ್ವ ತಲೆ ಎತ್ತಲಿಲ್ಲ. "ಇದು ಅವ್ರ ರಸ್ತ ಕಡೆ ವಲದ್ದು. ತಮ್ ವಲದ ಮಣ್ಣ ತಲ ಮ್ಯಾಲ ಇಟ್ಕಂಡು, ಇದು ನನ್ ಮಣ್ಣು ಅಂದ್ರು. ಅದೇನ್ ಸುಳ್ಳಾ? ದಿಟವಾಗ್ಲೂ ಅವ್ರ ಮಣ್ಣೇ. ಅದ್ಕೇ ಅಷ್ಟ್ ಧೈರ್ಯ್ವಾಗಿ ನಡದ್ರು."

"ಮಣ್ಗ ಎಸ್ರು ಬರ್ದಿದ್ದದಾ?" ದೊಡ್ಡಪ್ಪ ಕೇಳಿದರು.

"ಬರ್ದಿದ್ದದು. ಇದ್ರಲ್ಲಿ ಒಂದು ಇರುವೆ ತೋರ್ಸಿ ನೋಡ್ಮ."

ಅವಳು ಮಂಕರಿಯನ್ನು ಬೋರಲು ಹಾಕಿದಳು. ಮಣ್ಣು ಹೆಂಟೆ ಹೆಂಟೆಯಾಗಿ ಉರುಳಿತು. ಬೆರಳಲ್ಲಿ ಒಡೆದು ಹರಡಿದಳು, ಏನೂ ಅಲುಗಲಿಲ್ಲ. ಆಮೇಲೆ ಎದ್ದು ಹೋಗಿ, ದೊಡ್ಡಪ್ಪ ಉತ್ತುಕೊಂಡಿದ್ದ ನಮ್ಮ ಜಾಗದ ನಡುವಿನಲ್ಲಿ ಯಾರದೋ ಕುಡುಗೋಲಿನಿಂದ ಕೆದಕಿ ಎರಡು ಬೊಗಸೆ ಮಣ್ಣು ತಂದು ಅದರ ಪಕ್ಕ ಸುರಿದಳು. ಟ್ರ್ಯಾಕ್ಟರ್ ಒಮ್ಮೆ ಉತ್ತಿದ್ದರೂ ಆ ಮಣ್ಣು ಹರಡುವ ಮುಂಚೆಯೇ ಓಡಾಡತೊಡಗಿತು. ಬಿಳಿ ಮೊಟ್ಟೆ ಕಚ್ಚಿಕೊಂಡ ಇರುವೆಗಳು, ಸುತ್ತಿಕೊಂಡು ಮಲಗಿದ್ದ ದಪ್ಪ ಗೊಣ್ಣೆ ಹುಳ, ಬೆಳಕು ಬಿದ್ದೊಡನೆ ಮತ್ತೆ ಒಳಕ್ಕೆ ಇಳಿಯಲು ಹವಣಿಸುವ ಕರಿ ಹುಳ, ಒಂದು ಎರೆಹುಳ. ಯಜಮಾನರು ಬಗ್ಗಿ ನೋಡಿದರು. ಎರಡನ್ನೂ ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ನೆಟ್ಟಗಾದಾಗ ಅವರ ಮುಖ ಬೇರೆಯೇ ಆಗಿತ್ತು. ಗೊತ್ತಾಗಿತ್ತು ಅವರಿಗೆ. ಮಾದಪ್ಪನ ಹೆಸರಲ್ಲಿ, ಇಡೀ ಊರಿನ ಮುಂದೆ, ತಾವೇ ನಿಂತು ಸುಳ್ಳು ಆಣೆ ಮಾಡಿಸಿದ್ದೇವೆ ಎಂದು ಒಪ್ಪಬೇಕಿತ್ತು, ಇಲ್ಲವೇ ಈ ಹೆಂಗಸನ್ನು ಬಾಯಿ ಮುಚ್ಚಿಸಬೇಕಿತ್ತು. ಅವರು ಹೆಚ್ಚು ಹೊತ್ತು ಯೋಚಿಸಲಿಲ್ಲ.

"ಆಣೆ ಆಗೋಯ್ತು. ಆದ ಆಣೆ ಮ್ಯಾಲ ಮಾತಿಲ್ಲ. ಆಣೆ ಮಣ್ಣ ಎಂಗ್ಸು ಮುಟ್ಟಿ ಕೆಡ್ಸವ್ಳ, ಅದು ಬ್ಯಾರೆ ತಪ್ಪು." ಅವರು ಅಪ್ಪನ ಕಡೆ ತಿರುಗಿದರು. "ಏನ್ಲಾ, ನಿನ್ನೆಂಡ್ತಿ ಇಡ್ಕಳಕ್ಕಾಗಲ್ವಾ ನಿಂಗ?"

"ಉಳದಪ್ಪ ಅವ್ನು, ಅವ್ನೇನ್ ಇಡ್ದನು!" ಗುಂಪಿನಿಂದ ಯಾರೋ ಎಂದರು. "ಇನ್ಮ್ಯಾಲ ನ್ಯಾಯಕ್ಕ ಇರುವೇನೂ ಕರ್ಸನ, ಸಾಕ್ಷಿ ಯೋಳ್ಲಿ." ಎಲ್ಲರೂ ನಕ್ಕರು. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ಅಪ್ಪ ಮಣ್ಣಿನ ಎರಡು ಗುಡ್ಡೆಯನ್ನೂ ನೋಡಲಿಲ್ಲ. ನೋಡಿದ್ದರೆ ನಾನು ಅವರನ್ನು ಬೇರೆ ಥರ ನೆನೆಯುತ್ತಿದ್ದೆನೋ ಏನೋ. ನೆಟ್ಟಗೆ ಬಂದು ಅವ್ವನ ಕೆನ್ನೆಗೆ ಹೊಡೆದರು. ಅವಳು ಪಕ್ಕಕ್ಕೆ ಬಿದ್ದಳು, ಕೈ ಆ ಓಡಾಡುವ ಮಣ್ಣಿನ ಮೇಲೆ ಊರಿತು. ಅಳಲಿಲ್ಲ. ದೊಡ್ಡಪ್ಪನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನು ಎಂದು ಯಜಮಾನರು ಹೇಳಿದರು. ಅವಳು ಎದ್ದು, ಸೀರೆ ಕೊಡವಿಕೊಂಡು, ಯಾರನ್ನೂ ನೋಡದೆ ಮನೆಯ ದಾರಿ ಹಿಡಿದಳು. ಆಗ ಅವಳ ಬದಲು ಅಪ್ಪ ಬಿದ್ದರು. ತಮ್ಮ ಹೊಲವನ್ನು ಕದ್ದವರ ಒದ್ದೆ ಕಾಲಿಗೆ, ಹಣೆ ಮುಟ್ಟಿಸಿ, ತಪ್ಪಾಯ್ತು ಅಣ್ಣ ಎಂದರು. ಭಾಗದ ದಿನದಿಂದ ಅವರನ್ನು ನೋಡಿ ನಕ್ಕವರ ಮುಂದೆ ಒಮ್ಮೆಯಾದರೂ ಅವರಲ್ಲೊಬ್ಬರಾಗಬೇಕು ಎನ್ನುವ ಆಸೆ ಅಪ್ಪನಿಗೆ ಅಷ್ಟಿತ್ತು. ಈಗ ಅದು ನನಗೆ ಅರ್ಥವಾಗುತ್ತದೆ. ಅರ್ಥವಾದದ್ದನ್ನೆಲ್ಲ ಕ್ಷಮಿಸಲೇಬೇಕು ಎಂದೇನೂ ಇಲ್ಲ.

ನ್ಯಾಯವಾದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಉಣ್ಣಬೇಕು, ಅದೂ ರೂಢಿ. ದೊಡ್ಡಪ್ಪನ ಮನೆಯಲ್ಲಿ ಕುರಿ ಆಗಲೇ ಕಡಿದಾಗಿತ್ತು. ಆಣೆಗೆ ಮುಂಚೆಯೇ ಮಸಾಲೆ ಅರೆದಿಟ್ಟಿದ್ದರು ಎಂದರೆ ತೀರ್ಮಾನದ ಬಗ್ಗೆ ಅವರಿಗೆ ಎಷ್ಟು ನಂಬಿಕೆ ಇತ್ತೆಂದು ಲೆಕ್ಕ ಹಾಕಿ. ಮಧ್ಯಾಹ್ನ ಅಪ್ಪ ನನ್ನ ರಟ್ಟೆ ಹಿಡಿದು ಆ ಬಾಗಿಲಿನಿಂದ ಒಳಗೆ ಕರೆದೊಯ್ದರು. ಗೋಡೆಯ ಆ ಮಗ್ಗುಲನ್ನು ನಾನು ಅಂದೇ ಮೊದಲು ನೋಡಿದ್ದು. ನಮ್ಮ ಕಡೆ ಸುಣ್ಣ ಬಳಿದಿದ್ದೆವು, ಅವರು ಹಾಗೆಯೇ ಬಿಟ್ಟಿದ್ದರು. ಸಾಲಾಗಿ ಎಲೆ ಹಾಕಿದ್ದರು. ಅಪ್ಪ ಅಣ್ಣನ ಪಕ್ಕ ಕೂತು ನನ್ನನ್ನು ತಮ್ಮ ಪಕ್ಕ ಕೂರಿಸಿಕೊಂಡರು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಬಾಡಿನ ಸಾರಿನ ವಾಸನೆಗೆ ಬಾಯಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ದೊಡ್ಡವ್ವ ಮುದ್ದೆ ಇಡಲು ನನ್ನ ಮುಂದೆ ಬಗ್ಗಿದಾಗ ಎರಡೂ ಅಂಗೈಯನ್ನು ಎಲೆಯ ಮೇಲೆ ಅಗಲಿಸಿ ಮುಚ್ಚಿದೆ.

"ಕೈ ತಗಿ ಅಮ್ಮಿ," ಅಪ್ಪ ಮೆಲ್ಲಗೆ ಹೇಳಿದರು.

ತೆಗೆಯಲಿಲ್ಲ.

"ತಗೀತೀಯಾ ಇಲ್ವಾ?"

"ಬ್ಯಾಡ ನಂಗ."

"ಅವ್ರವ್ವನ ಬುದ್ಧಿ," ದೊಡ್ಡವ್ವ ಎಂದಳು. "ಎಲ್ಲಾದ್ರು ಉಳ ಸಿಕ್ರ ತಿಂದಳು, ಬುಡು." ಮುಂದಿನ ಎಲೆಗೆ ಹೋದಳು. ಎಲ್ಲರೂ ಉಂಡು ಮುಗಿಸುವವರೆಗೆ ನಾನು ಹಾಗೆಯೇ ಕೈ ಮುಚ್ಚಿಕೊಂಡು ಕೂತಿದ್ದೆ. ಅಪ್ಪ ಎರಡನೇ ಸಲ ಸಾರು ಹಾಕಿಸಿಕೊಂಡರು. ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು, ಉಂಡ್ಯಾ ಎಂದು. ಇಲ್ಲ ಎಂದೆ. ಹೊಗಳಲಿಲ್ಲ, ತಬ್ಬಿಕೊಳ್ಳಲಿಲ್ಲ. ಕೆನ್ನೆ ಊದಿಕೊಂಡಿದ್ದ ಹಾಗೆಯೇ ಒಲೆ ಹೊತ್ತಿಸಿ ಬಿಸಿ ಮುದ್ದೆ ಮಾಡಿ ಇಟ್ಟಳು.

ಅವ್ವ ಆಮೇಲೆ ಅಪ್ಪನೊಡನೆ ಜಗಳವಾಡಲಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಹಾಕಿದಳು, ಬಟ್ಟೆ ಒಗೆದಳು, ಕಳೆ ಕೀಳಲು ಹೋದಳು. ಹೊಲದ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಯಾವಾಗ ಬಿತ್ತಲಿ, ಗಿಡ ಯಾಕೆ ಹಳದಿ ಆಗಿದೆ, ಈ ಹುಳ ಒಳ್ಳೇದಾ ಕೆಟ್ಟದ್ದಾ, ಅಪ್ಪ ಏನು ಕೇಳಿದರೂ ನಂಗೊತ್ತಿಲ್ಲ ಎನ್ನುತ್ತಿದ್ದಳು. ಅಪ್ಪ ಗೊಬ್ಬರದ ಅಂಗಡಿಯವನನ್ನು ಕೇಳತೊಡಗಿದರು. ದೊಡ್ಡಪ್ಪನನ್ನೂ ಕೇಳತೊಡಗಿದರು. ಅದೇ ಗುಳಿಗೆ, ಅದೇ ಡಬ್ಬಿ ನಮ್ಮ ಜಗಲಿಗೂ ಬಂದವು. ಸುರಿಯುವ ದಿನ ಅವ್ವ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಸತ್ತ ಎರೆಹುಳಗಳು ಮೇಲೆ ಬಂದು ಬಿಸಿಲಿಗೆ ಒಣಗಿದ್ದನ್ನು ನಾನು ತಂದು ತೋರಿಸಿದೆ.

"ಯಾಕವ್ವ ನೀನು ಯೋಳದೇ ಇಲ್ಲ?"

"ನಾ ಮುಟ್ಟುದ್ರ ಮಣ್ಣು ಕೆಡ್ತದಂತಲ್ಲ. ಅವ್ರೇ ಮುಟ್ಲಿ."

ನನಗೆ ಅಂದು ಅವ್ವನ ಮೇಲೂ ಹಗೆ ಬಂತು. ಬಾಯಿಲ್ಲದ ಜೀವಗಳು ಏನು ಮಾಡಿದ್ದವು? ಬದುವಿನ ಮೇಲೆ ಕೂತು ಅವಳು ಅಪ್ಪನನ್ನು ಸೋಲಿಸುತ್ತಿದ್ದಳು, ಸೋಲುತ್ತಿದ್ದದ್ದು ಹೊಲ. ಇಂಥ ಮನೆಯಿಂದ ನಾನು ಹೊರಟು ಓದಿ, ಚಾಮರಾಜನಗರದಲ್ಲಿ ಸರ್ವೆ ಕೆಲಸಕ್ಕೆ ಸೇರಿದೆ. ಉಡಿಗಾಲದ ಕಡೆಯಿರಲಿ, ಬೇಗೂರಿನ ಕಡೆಯಿರಲಿ, ಅಳೆಯಲು ಹೋದಲ್ಲಿ ಅಣ್ಣತಮ್ಮಂದಿರು ಕುಡುಗೋಲು ಎತ್ತುತ್ತಾರೆ, ಹೆಂಗ್ಸು ಅಳೆದ್ರ ಒಪ್ಪಲ್ಲ ಎಂದು ಕೂಗುತ್ತಾರೆ. ನಾನು ತಲೆ ಎತ್ತದೆ ಅಳೆಯುತ್ತೇನೆ. ಆ ಧೈರ್ಯಕ್ಕೆ ಯಾರಿಗೂ ಋಣಿಯಲ್ಲ. ಪ್ರೀತಿಯಿಂದ ಬಂದದ್ದಲ್ಲ ಅದು.

ದೊಡ್ಡಪ್ಪ ಮಾದಪ್ಪನ ಕೈಗೆ ಸಿಗದೆ, ವಯಸ್ಸಾಗಿ, ಹಾಸಿಗೆಯಲ್ಲಿ ಸುಖವಾಗಿ ಸತ್ತರು. ಅದರ ಮುಂದಿನ ಮುಂಗಾರಿನಲ್ಲಿ ನಾನು ರಜೆಗೆ ಊರಿಗೆ ಹೋಗಿದ್ದೆ. ಎರಡು ಸಲ ಬಿತ್ತಿದರೂ ನಮ್ಮ ಹೊಲದಲ್ಲಿ ಜೋಳ ಗೇಣುದ್ದ ಬಂದು ನಿಂತುಬಿಟ್ಟಿತ್ತು. ಬೆಳಿಗ್ಗೆ ಅಪ್ಪ ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದು, ಒಳಗಿದ್ದ ಅವ್ವನಿಗೆ ಕೇಳುವಂತೆ ಹೇಳಿದರು.

"ಒಂದ್ಸಲ ವಲದತ್ರ ಬಂದು ನೋಡಮ್ಮಿ."

ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ಹೊಲ ನೋಡಲು ಕರೆದದ್ದು ಅದೇ ಮೊದಲು. ಅವ್ವ ಚಪ್ಪಲಿ ಮೆಟ್ಟಿದಳು. ಅಪ್ಪ ಮುಂದೆ, ಅವ್ವ ಹಿಂದೆ, ನಾನು ಅವರ ಹಿಂದೆ. ಹೊಲದ ನಡುವಿಗೆ ಹೋಗಿ ಅವ್ವ ಕೂತಳು. ಕೈಯಿಂದಲೇ ಕೆದಕಲು ನೋಡಿದಳು, ನೆಲ ಗಟ್ಟಿಯಿತ್ತು. ಅಪ್ಪ ಓಡಿಹೋಗಿ ಕುಡುಗೋಲು ತಂದು ಕೊಟ್ಟರು. ಗೇಣು ಆಳ ಅಗೆದು, ಒಂದು ಹೆಂಟೆ ತೆಗೆದು, ಅಂಗೈಯಲ್ಲಿ ಒಡೆದು, ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದಳು. ಅಪ್ಪ ಅವಳ ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದರು.

"ಏನದ?" ಎಂದರು.

ಅವ್ವ ಬೆರಳು ಸಡಿಲ ಬಿಟ್ಟಳು. ಮಣ್ಣು ಕೆಳಗೆ ಸುರಿಯಿತು, ಅದರಲ್ಲಿ ಒಂದು ಇರುವೆಯೂ ಅಲುಗಲಿಲ್ಲ.

"ಏನಿಲ್ಲ," ಎಂದಳು. ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಮುದ್ದೆಗೆ ಎಸರಿಡಲು ಮನೆಗೆ ಹೊರಟಳು.